ಆರು ರೇಡಿಯೋಗಳ ಸುಬೇದಾರರು

ನಾಲ್ಕು ಸೆಕೆಂಡಿನಲ್ಲಿ ಎಷ್ಟು ಮಾತಾಡಬಹುದು? ಗಡಿಯಾರ ಮುಂದಿಟ್ಟುಕೊಂಡು ಒಮ್ಮೆ ನೋಡಿ. ನಾನು ಮೊದಲ ಸಲ ಪ್ರಯತ್ನಿಸಿದಾಗ ಹೆಸರು, ಹುದ್ದೆ ಹೇಳಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸಮಯ ಮುಗಿದಿತ್ತು. ಸುಬೇದಾರರು ಅದೇ ನಾಲ್ಕು ಸೆಕೆಂಡಿನಲ್ಲಿ ತಾವು ಎಲ್ಲಿದ್ದೇವೆ, ಏನು ಕಾಣುತ್ತಿದೆ, ಏನು ಬೇಕು, ಈ ಮೂರನ್ನೂ ಹೇಳಿ, ಕೊನೆಗೆ ಅರ್ಧ ಸೆಕೆಂಡು ಉಳಿಸುತ್ತಿದ್ದರು. ಆ ಅರ್ಧ ಸೆಕೆಂಡು ಯಾಕೆ ಎಂದು ಕೇಳಿದರೆ, "ಮುಂದಿನವ ಉಸಿರು ತಕಳ್ಳುಕೆ" ಎನ್ನುತ್ತಿದ್ದರು.

ಅವರು ತೀರಿಕೊಂಡರೆಂದು ಕಳೆದ ವಾರ ಸವಿತಾ ಫೋನ್ ಮಾಡಿ ಹೇಳಿದಳು. ಸವಿತಾ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ಈಗ ಇಬ್ಬರು ಮಕ್ಕಳ ತಾಯಿ. ಮೊದಲ ಐದು ನಿಮಿಷ ಇಬ್ಬರೂ ಸರಿಯಾಗಿಯೇ ಬೇಜಾರು ಮಾಡಿಕೊಂಡೆವು. ಆಮೇಲೆ ಬಿಣಗಾ ಘಟ್ಟದ ಆ ಬೆಳಗಿನ ಸುದ್ದಿ ಬಂತು ನೋಡಿ, ಇಬ್ಬರೂ ಒಟ್ಟಿಗೇ ಮಾತಾಡತೊಡಗಿದೆವು, ಒಬ್ಬರದು ಒಬ್ಬರಿಗೆ ಕೇಳದಷ್ಟು. ಸುಬೇದಾರರು ಇದ್ದಿದ್ದರೆ ಇಬ್ಬರಿಗೂ ಬೈಗುಳ ಖಂಡಿತ. ಅವರನ್ನು ನೆನೆದರೆ ಇವತ್ತಿಗೂ ನನಗೆ ದುಃಖಕ್ಕಿಂತ ಮೊದಲು ಹುರುಪೇ ಬರುತ್ತದೆ. ಬರಲಿ, ಅದನ್ನು ಯಾಕೆ ಮುಚ್ಚಿಡಲಿ?

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಕಾರವಾರದ ಒಂದು ಕಾಲೇಜಿನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಕಲಿಸುವ ಹೊಸ ಲೆಕ್ಚರರ್. ಓದಿದ್ದು ಸ್ವಲ್ಪ, ಗತ್ತು ಬಹಳ. ಅವರು ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿ, ಅಂದರೆ ರೇಡಿಯೋ, ತಂತಿ, ಸಂದೇಶ ನೋಡಿಕೊಳ್ಳುವವರಲ್ಲಿ, ಆಯುಷ್ಯದ ಅರ್ಧ ಕಳೆದು ನಿವೃತ್ತರಾಗಿ ಅಂಕೋಲೆಯ ಬೊಬ್ರುವಾಡಕ್ಕೆ ಮರಳಿದ್ದರು. ಮನೆ ಹಿಂದಿನ ಜಾಗದಲ್ಲಿ ಶೇಂಗಾ, ಬದನೆ ಬೆಳೆಯುತ್ತ ಒಂದು ವರ್ಷ ಸುಮ್ಮನಿದ್ದು, ಆಮೇಲೆ ತಡೆಯಲಾರದೆ ನಮ್ಮ ಲ್ಯಾಬಿಗೆ ಹಂಗಾಮಿ ಇನ್‌ಸ್ಟ್ರಕ್ಟರ್ ಆಗಿ ಸೇರಿಕೊಂಡಿದ್ದರು. ದಿನಾ ಬೆಳಿಗ್ಗೆ ಅಂಕೋಲೆಯಿಂದ ಬಸ್ಸು, ಸಂಜೆ ಮತ್ತೆ ಬಸ್ಸು. ಕಾಲೇಜಿನಲ್ಲಿ ಯಾರೂ ಅವರ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಪ್ರಿನ್ಸಿಪಾಲರಿಂದ ಕ್ಯಾಂಟೀನಿನವರೆಗೆ ಎಲ್ಲರಿಗೂ ಸುಬೇದಾರ್ರು. ನಾನು ಅವರಿಗೆ ಅಕ್ಕೋರು. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರೇ, ವಯಸ್ಸಿನಲ್ಲಿ ಮಗಳಂತಿದ್ದರೂ.

ಅವರ ಜೊತೆ ಮಾತಾಡುವುದು ಮೊದಮೊದಲು ಪೇಚಿನ ಕೆಲಸವಾಗಿತ್ತು. ಒಂದು ವಾಕ್ಯ ಹೇಳುತ್ತಾರೆ, ನಿಲ್ಲಿಸುತ್ತಾರೆ, ನಿಮ್ಮ ಮುಖ ನೋಡುತ್ತಾರೆ. ಮುಗಿಯಿತೇನೋ ಎಂದು ನೀವು ಎದ್ದರೆ ಎರಡನೇ ವಾಕ್ಯ ಬರುತ್ತದೆ. ನಡುವೆ ಬಾಯಿ ಹಾಕುವುದು ಅವರಿಗೆ ಗೊತ್ತೇ ಇರಲಿಲ್ಲ. ಬೊಬ್ರುವಾಡದ ಮನೆಗೆ ಹೋದಾಗ ಅವರ ಹೆಂಡತಿ ನನಗೆ ಇಶಾಡ ಮಾವಿನಹಣ್ಣು ಹೆಚ್ಚಿ ಕೊಡುತ್ತ ದೂರು ಹೇಳಿದ್ದರು.

"ಇವರ ಹತ್ರ ಜಗಳ ಆಡುಕೂ ಆಗುದಿಲ್ಲ ಅಕ್ಕೋರೆ. ನಾ ಮಾತು ಮುಗಿಸೂವರೆಗೆ ಕಾಯ್ತರು. ಅಷ್ಟೊತ್ತಿಗೆ ನಂಗೇ ಸಿಟ್ಟು ಇಳೀತದೆ."

ಸುಬೇದಾರರು ಕಾದರು. ಹೆಂಡತಿ ಮುಗಿಸಿದರೆಂದು ಖಾತ್ರಿಯಾದ ಮೇಲೆ, "ಹೌದು" ಎಂದರು.

ನಮ್ಮ ಸ್ಟಾಫ್ ಮೀಟಿಂಗಿನಲ್ಲಂತೂ ಅವರು ಮೂಲೆಯಲ್ಲಿ ಕೂತು ಬೆರಳು ಎಣಿಸುತ್ತಿದ್ದರು. ಒಂದು ದಿನ ಹೊರಗೆ ಬಂದು ನನಗೆ ವರದಿ ಒಪ್ಪಿಸಿದರು: "ಒಂಬತ್ತು ಜನ ಮಾತಾಡಿದ್ರು ಅಕ್ಕೋರೆ. ಮುಟ್ಟಿದ್ದು ಎರಡು ಮಾತು. ಬಾಕಿ ಎಲ್ಲ ಒಂದ್ರ ಮೇಲೊಂದು ಬಿದ್ದು ಸತ್ತೋದವು." ನಗೆ ತಡೆಯಲಾಗಲಿಲ್ಲ, ಯಾಕೆಂದರೆ ಸತ್ತ ಮಾತುಗಳಲ್ಲಿ ಹೆಚ್ಚಿನವು ನನ್ನವೇ.

ಆಗಷ್ಟೇ ಎಲ್ಲರ ಕೈಗೂ ಮೊಬೈಲ್ ಬರುತ್ತಿದ್ದ ಕಾಲ. ಬಸ್ಸು ಘಟ್ಟದ ತಿರುವಿಗೆ ಬಂದದ್ದೇ ಟವರ್ ಸಿಗದೆ ಎಲ್ಲರೂ ಹಲೋ ಹಲೋ ಎಂದು ಕೂಗಿ ಸುಮ್ಮನಾಗುತ್ತಿದ್ದರಂತೆ. ಇದನ್ನು ಅವರು ದಿನಾ ಹೊಸದಾಗಿ ನೋಡಿದವರಂತೆ ಬಂದು ಹೇಳುತ್ತಿದ್ದರು. "ನಲವತ್ತು ಫೋನು ಒಂದೇ ಬಸ್ಸಲ್ಲಿ ಅದೆ. ಪಕ್ಕ ಪಕ್ಕ ಅದೆ. ಆದ್ರೂ ಒಂದಕ್ಕೊಂದು ಮಾತಾಡುಕೆ ಬರುದಿಲ್ಲ. ಟವರ್ ಅಪ್ಪಣೆ ಬೇಕು." ಯುದ್ಧಕ್ಕೆ ಹೊರಟ ದಂಡು ಟವರನ್ನು ಹೊತ್ತುಕೊಂಡು ಹೋಗುವಂತಿಲ್ಲ. ಹೋದರೂ ಶತ್ರು ಮೊದಲು ಹೊಡೆಯುವುದೇ ಅದನ್ನು. ಹಾಗಾದರೆ ಪ್ರತಿ ರೇಡಿಯೋವೂ ತಾನೇ ಟವರ್ ಆಗಬೇಕು, ಓಡಾಡುತ್ತಲೇ ಇರಬೇಕು, ಯಾರು ಯಾವಾಗ ಮಾತಾಡಬೇಕೆಂದು ತಮ್ಮತಮ್ಮಲ್ಲೇ ತೀರ್ಮಾನಿಸಬೇಕು. ಯಜಮಾನನಿಲ್ಲದ ಜಾಲ. ಸುಬೇದಾರರ ತಲೆಯಲ್ಲಿ ಇದೊಂದೇ ಇತ್ತು. ಯಾಕೆ ಇದೊಂದೇ ಎಂದು ಆಗ ನಾನು ಕೇಳಲಿಲ್ಲ.

ರಕ್ಷಣಾ ಇಲಾಖೆಯ ಒಂದು ಪ್ರಯೋಗಾಲಯ ಕಾಲೇಜುಗಳಿಂದ ಇಂಥದ್ದೇ ಸಣ್ಣ ಪ್ರಯೋಗಗಳನ್ನು ಕೇಳಿದ್ದು ನೋಟಿಸ್ ಬೋರ್ಡಿನಲ್ಲಿ ಕಂಡಾಗ ನಾನು ಲ್ಯಾಬಿಗೆ ಓಡಿದ್ದು ಇನ್ನೂ ನೆನಪಿದೆ, ಸೀರೆಯ ನೆರಿಗೆ ಕೈಯಲ್ಲಿ ಹಿಡಿದು. ಅರ್ಜಿ ಹಾಕಿದೆವು, ಮಂಜೂರಾಯಿತು! ಆರು ವಾಕಿಟಾಕಿ ಬಂದವು. ಪಕ್ಕದಲ್ಲೇ ನೌಕಾನೆಲೆ ಇರುವ ಊರಿನಲ್ಲಿ ರೇಡಿಯೋ ಗುಂಡಿ ಒತ್ತುವುದು ಹುಡುಗಾಟವಲ್ಲ, ಹಾಗಾಗಿ ಎಲ್ಲೆಲ್ಲಿಂದಲೋ ಅನುಮತಿ ಪತ್ರ ತರಿಸಿದೆವು. ಪ್ರತಿ ವಾಕಿಟಾಕಿಗೂ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ನಾವೇ ಕಟ್ಟಿ ಅಂಟಿಸಿದೆವು. ಒಳಗೆ ಲೆಕ್ಕ ಮಾಡುವ ಚಿಪ್, ಮೇಲೆ ಒಂದು ಹಸಿರು ದೀಪ. ದೀಪ ಹತ್ತಿದರೆ ನಿಮ್ಮ ಸರದಿ, ನಾಲ್ಕು ಸೆಕೆಂಡು ಮಾತಾಡಬಹುದು. ಆರಿದರೆ ಕೇಳಬೇಕು. ಸರದಿಗೆ ಸುಬೇದಾರರ ಮಾತು ಪಾಳಿ. ಅವರ ಮನೆಯ ಹಿಂದೆ ನಾಲ್ಕು ಮನೆಗೆ ಒಂದೇ ಬಾವಿ, ಗದ್ದೆಗೆ ನೀರು ಬಿಡುವುದು ಪಾಳಿಯಂತೆ. ಲ್ಯಾಬಿನಲ್ಲೂ ಅದೇ ಮಾತು ಚಾಲ್ತಿಗೆ ಬಂತು.

ಮೊದಲು ನಾನು ಮಾಡಿದ್ದು ಸುಲಭದ ಉಪಾಯ: ಮಾತಾಡುವ ಮೊದಲು ಕೇಳು, ಯಾರೂ ಇಲ್ಲದಿದ್ದರೆ ಮಾತಾಡು. ಕಾಲೇಜಿನ ಅಂಗಳದಲ್ಲಿ ಚೆನ್ನಾಗಿ ನಡೆಯಿತು. ಕಾರವಾರ ಮತ್ತು ಬಿಣಗಾದ ನಡುವೆ ಹೆದ್ದಾರಿ ಗುಡ್ಡ ಹತ್ತಿ ಇಳಿಯುತ್ತದಲ್ಲ, ಅಲ್ಲಿಗೆ ಹೋದೆವು ನೋಡಿ, ಮಣ್ಣುಪಾಲು. ಗುಡ್ಡದ ಈಚೆ ಒಬ್ಬ, ಆಚೆ ಒಬ್ಬ, ನೆತ್ತಿಯ ಮೇಲೆ ಸುಬೇದಾರರು ಮತ್ತು ನಾನು. ಈಚೆಯವನಿಗೆ ಆಚೆಯವನು ಕೇಳುವುದಿಲ್ಲ. ಇಬ್ಬರೂ ಕಿವಿಗೊಟ್ಟು ಕೇಳಿ, ಗಾಳಿ ಖಾಲಿ ಇದೆಯೆಂದು ತಿಳಿದು, ಒಟ್ಟಿಗೇ ಮಾತಾಡಿದರು. ನಮ್ಮ ಕಿವಿಗೆ ಬಂದದ್ದು ಬರೀ ಗೊರಗೊರ.

ನನಗೆ ಅಳು ಬರುವಂತಾಗಿತ್ತು. ಸುಬೇದಾರರು ಮಾತ್ರ ತೊಡೆ ತಟ್ಟಿಕೊಂಡು ಎದ್ದು ನಿಂತರು. ಕೆಟ್ಟುಹೋದದ್ದನ್ನು ಕಂಡರೆ ಅವರಿಗೆ ಅಷ್ಟು ಖುಷಿ!

"ನೋಡಿ ಅಕ್ಕೋರೆ! ಇಬ್ರೂ ಶಿಸ್ತಿನವ್ರೇ. ಕೇಳೇ ಮಾತಾಡಿದ್ದು. ಆದ್ರೂ ಹೊಡ್ಕೊಂಡ್ರು." ಒಂದು ಗಳಿಗೆ ಬಿಟ್ಟು ಮುಂದುವರಿಸಿದರು. "ನಮ್ಮ ಮನೆ ಸಾಲಲ್ಲಿ ನಡುಮನೆ ಅಜ್ಜಿ ಜಗಲಿ ಮೇಲೆ ಕೂತಿರ್ತದೆ. ಆ ಬದಿ ಮನೆ ಸೊಸೆ ಕೂಗ್ತದೆ, ಈ ಬದಿ ಮನೆ ಸೊಸೆನೂ ಕೂಗ್ತದೆ. ಸೊಸೆಯಂದಿರಿಗೆ ಒಬ್ರ ಕೂಗು ಒಬ್ರಿಗೆ ಕೇಳುದಿಲ್ಲ. ಅಜ್ಜಿಗೆ ಮಾತ್ರ ಕಿವಿ ತೂತು." ಮತ್ತೆ ಬಿಟ್ಟು, "ಅಂದ್ರೆ ಎಂತಾ ಆಯ್ತು? ನೆರೆಮನೆ ನೋಡಿದ್ರೆ ಸಾಕಾಗುದಿಲ್ಲ. ನೆರೆಮನೆಯವ್ರ ನೆರೆಮನೆನೂ ನೋಡಬೇಕು."

ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಇದನ್ನು ಕೇಳಿದವಳೇ ನೋಟು ಪುಸ್ತಕ ತೆಗೆದೆ. ನಾನು ಪುಸ್ತಕದಲ್ಲಿ ಮೂರು ಪುಟ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತಿದ್ದ ವಿಷಯ ಅದೇ ಆಗಿತ್ತು.

ಹೊಸ ನಿಯಮ ಮಾಡಿದೆವು. ಪ್ರತಿ ಪೆಟ್ಟಿಗೆಯೂ ತನ್ನ ನೆರೆಯವರ ಪಟ್ಟಿಯನ್ನು ಮಾತಿನ ಮೊದಲು ಚಿಕ್ಕ ಕೀರಲು ಸದ್ದಿನಲ್ಲಿ ಕಳಿಸುತ್ತದೆ. ಹಾಗಾಗಿ ಎಲ್ಲರಿಗೂ ನೆರೆಯವರೂ ಗೊತ್ತು, ಅವರ ನೆರೆಯವರೂ ಗೊತ್ತು. ಅಷ್ಟೂ ಜನರಲ್ಲಿ ಒಂದು ಪಾಳಿಗೆ ಒಬ್ಬರೇ ಮಾತಾಡಬೇಕು. ಯಾರು? ಸಣ್ಣ ನಂಬರಿನವರು. ಮಾತಾಡಿದವರು ಮೂರು ಪಾಳಿ ಸುಮ್ಮನಿರಬೇಕು. ಲ್ಯಾಬಿನ ಮೇಜಿನ ಮೇಲೆ ಆಗ ತಯಾರಿದ್ದ ನಾಲ್ಕು ಪೆಟ್ಟಿಗೆ ಇಟ್ಟು ನೋಡಿದೆವು. ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದು. ದೀಪಗಳು ಸಾಲಾಗಿ ಹತ್ತಿ ಆರುವುದನ್ನು ನೋಡಲು ಪ್ರಿನ್ಸಿಪಾಲರೇ ಬಂದು ನಿಂತರು.

ನಂಬರು ಹಂಚಿದವಳು ನಾನು. ಯಾರೂ ಹೇಳಬೇಕಾಗಿರಲಿಲ್ಲ, ಕೈ ತಾನಾಗಿ ಬರೆಯಿತು. ಸುಬೇದಾರರು ಹಿರಿಯರು, ಅವರಿಗೆ ಒಂದು. ನನಗೆ ಎರಡು. ಮೂರು, ನಾಲ್ಕು, ಐದು ವಿದ್ಯಾರ್ಥಿಗಳಿಗೆ. ಕಡೆಯ ಪೆಟ್ಟಿಗೆ ನಮ್ಮ ಲ್ಯಾಬಿನ ಅಟೆಂಡರ್ ಸೋಮಣ್ಣನಿಗೆ. ಐವತ್ತು ದಾಟಿದ, ಯಾವುದಕ್ಕೂ ಇಲ್ಲ ಎನ್ನದ ಮನುಷ್ಯ. ಅವನಿಗೆ ಆರು.

ಆರೂ ಪೆಟ್ಟಿಗೆ ತಯಾರಾದ ಮೇಲೆ ಒಂದು ಶನಿವಾರ ದೊಡ್ಡ ಪರೀಕ್ಷೆ. ಬೆಳಿಗ್ಗೆ ಕಾಲೇಜಿನ ಅಂಗಳದಲ್ಲಿ ಪೆಟ್ಟಿಗೆಗಳೆಲ್ಲ ಒಂದಕ್ಕೊಂದು ಗುರುತು ಹೇಳಿಕೊಂಡವು. ಆಮೇಲೆ ಸುಬೇದಾರರೂ ನಾನೂ ಘಟ್ಟದ ಮೇಲೆ, ಮೂರು ಕಾರವಾರದ ಬದಿ ಬುಡದಲ್ಲಿ, ನಾಲ್ಕು ಬಿಣಗಾದಲ್ಲಿ. ಐದನೆಯದು ಜೀಪಿನಲ್ಲಿ ಅಂಕೋಲೆಯ ಕಡೆ ಓಡುತ್ತದೆ. ಸೋಮಣ್ಣ ಬಿಣಗಾ ದಾಟಿದರೆ ಸಿಗುವ ಅರ್ಗಾದಲ್ಲಿ, ರಸ್ತೆ ಬದಿ ಒಂದು ಬಯಲಿನಲ್ಲಿ. ಮರದಡಿ ನಿಂತರೆ ಸಿಗ್ನಲ್ ಕಡಿಮೆಯಾಗುತ್ತದೆ, ಜಾಗ ಬಿಟ್ಟು ಕದಲಬಾರದು, ಹಸಿರು ದೀಪ ಹತ್ತಿದಾಗ ಮಾತಾಡು ಎಂದು ಅವನಿಗೆ ಮೂರು ಸಲ ಹೇಳಿದ್ದೆ.

ಏನು ಸೊಗಸಾಗಿ ನಡೆಯಿತು ಅಂತೀರಿ! ಗೊರಗೊರ ಇಲ್ಲ, ಡಿಕ್ಕಿ ಇಲ್ಲ. ಎಲ್ಲರ ಮಾತೂ ಬಿಡಿಬಿಡಿಯಾಗಿ ಬರುತ್ತಿದೆ. ಜೀಪಿನ ಹುಡುಗರು ದೂರದಿಂದ ಕಿರುಚುತ್ತಿದ್ದಾರೆ. ನಾನು ಖುಷಿಯಲ್ಲಿ ನೋಟು ಪುಸ್ತಕ ತುಂಬಿಸುತ್ತಿದ್ದೆ. ಹನ್ನೊಂದರ ಸುಮಾರಿಗೆ ಸುಬೇದಾರರು ಕೇಳಿದರು.

"ಆರು ಎಂತಕ್ಕೆ ಸುಮ್ನದೆ?"

"ಸೋಮಣ್ಣನಿಗೆ ಹೇಳೋಕೆ ಏನಿರುತ್ತೆ ಸರ್?" ಎಂದೆ.

ಅವರು ನನ್ನ ಮುಖ ನೋಡಿದರು. ನಾನು ಬರೆಯುತ್ತಿದ್ದೆ. ಅವರು ಮತ್ತೆ ಕೇಳಲಿಲ್ಲ, ಅಕ್ಕೋರ ಯಂತ್ರ, ಅಕ್ಕೋರ ಲೆಕ್ಕ ಎಂದುಕೊಂಡಿರಬೇಕು. ಸೋಮಣ್ಣನ ಬಗ್ಗೆ ನಾನಾಡಿದ ಆ ಮಾತು ನನಗೆ ಇವತ್ತಿಗೂ ನಾಚಿಕೆ ತರಿಸುತ್ತದೆ.

ಎರಡು ಗಂಟೆಗೆ ಎಲ್ಲರನ್ನೂ ಹತ್ತಿಸಿಕೊಳ್ಳುತ್ತ ಅರ್ಗಾಕ್ಕೆ ಹೋದಾಗ ಬಯಲಿನಲ್ಲಿ ಸೋಮಣ್ಣ ಇರಲಿಲ್ಲ. ಎದುರಿನ ಸೋಡಾ ಅಂಗಡಿಯ ಬೆಂಚಿನ ಮೇಲೆ ಮಲಗಿದ್ದ. ತಲೆ, ಅಂಗಿ ಎಲ್ಲ ಒದ್ದೆ. ಅಂಗಡಿಯ ಹೆಂಗಸು ನಮ್ಮನ್ನು ಕಂಡವಳೇ ಶುರು ಮಾಡಿದಳು. "ಎಂಥ ಜನ ನೀವು? ಬಿಸಿಲಲ್ಲಿ ನಿಂತು ನಿಂತು ಬಿದ್ದೋದ. ನೆಳ್ಳಿಗೆ ಬಾ ಅಂದ್ರೆ ಬರುದಿಲ್ಲ. ಪಾಳಿ ಬರಬೇಕು, ಪಾಳಿ ಬರಬೇಕು ಅಂತ." ಸೋಮಣ್ಣನಿಗೆ ಸಕ್ಕರೆ ಕಾಯಿಲೆ, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಮೈ ಸರಿಯಿಲ್ಲ ಎಂದು ಹೇಳಲು ನಾಲ್ಕು ಸೆಕೆಂಡು ಸಾಕಿತ್ತು. ಹಸಿರು ದೀಪ ಒಂದು ಸಲವೂ ಹತ್ತಿರಲಿಲ್ಲ. ಎದ್ದು ಕೂತವನು ನನ್ನನ್ನು ಕಂಡು, ತಪ್ಪು ತನ್ನದೇ ಎಂಬಂತೆ ಪೆಟ್ಟಿಗೆ ಮುಂದೆ ಚಾಚಿದ.

"ಪಾಳಿ ಬರ್ಲಿಲ್ಲ ಅಕ್ಕೋರೆ. ನಾ ಒತ್ತಲಿಲ್ಲ."

ಲೆಕ್ಕ ನನಗೆ ಆ ಕ್ಷಣವೇ ಹೊಳೆಯಿತು. ಮೇಜಿನ ಮೇಲೆ ನಾಲ್ಕೇ ಇದ್ದವು, ಹಾಗಾಗಿ ಕಾಣಲಿಲ್ಲ. ಒಂದು ಮಾತಾಡಿ ಮೂರು ಪಾಳಿ ಸುಮ್ಮನಿರುವಷ್ಟರಲ್ಲಿ ಎರಡು, ಮೂರು, ನಾಲ್ಕರದು ಮುಗಿದು ಮತ್ತೆ ಒಂದಕ್ಕೇ ಬರುತ್ತದೆ. ಜೀಪಿನ ಐದು ದೂರವಿದ್ದುದರಿಂದ ಅದಕ್ಕೆ ನಡುವೆ ಸಂದು ಸಿಕ್ಕಿತು. ಆರಕ್ಕೆ ಎಲ್ಲಿ ನೋಡಿದರೂ ತನಗಿಂತ ಹಿರಿಯರೇ. ಸಂಜೆಯವರೆಗೆ ನಿಂತಿದ್ದರೂ ಅದರ ದೀಪ ಹತ್ತುತ್ತಿರಲಿಲ್ಲ.

"ನಂಬರ್ ಯಾರ್ ಕೊಟ್ಟದ್ದು?" ಸುಬೇದಾರರು ಕೇಳಿದರು.

"ನಾನೇ ಸರ್. ಹಿರಿತನ ನೋಡಿ..."

ಅವರು ಬೈಯಲಿಲ್ಲ. ಸೋಮಣ್ಣನ ಎದುರು ಹೋಗಿ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಸೋಮಣ್ಣ ಗಾಬರಿಯಾಗಿ ಎದ್ದು ನಿಲ್ಲಲು ಹೋಗಿ ಮತ್ತೆ ಕೂತ. ವಾಪಸು ಬರುವಾಗ ಜೀಪಿನಲ್ಲಿ ಅವರು ನನ್ನ ಪಕ್ಕ ಕೂತಿದ್ದರು, ಮತ್ತು ಮೊದಲ ಸಲ ನಡುವೆ ನಿಲ್ಲಿಸದೆ ಮಾತಾಡಿದರು.

"ಉತ್ತರದಲ್ಲಿ ಹಿಮದ ಬೆಟ್ಟ. ನಮ್ದು ಏಳು ಚೌಕಿ, ಒಂದು ಕಂಟ್ರೋಲ್. ಕಂಟ್ರೋಲ್ ಕರೆದ್ರೆ ಮಾತಾಡಬೇಕು, ಕರೀದಿದ್ರೆ ಬಾಯಿ ಮುಚ್ಚಿ ಕೂರಬೇಕು. ಕಂಟ್ರೋಲಲ್ಲಿ ಇದ್ದವ ನಂಗೆ ಮೋರ್ಸ್ ಕಲಿಸಿದವ, ಒಂದೇ ತಾಟಲ್ಲಿ ಉಂಡವ. ಒಂದಿನ ಬೆಳಿಗ್ಗೆ ಏಳಕ್ಕೆ ಕರೀಬೇಕಿತ್ತು, ಕರೀಲಿಲ್ಲ. ಎಂಟಾಯ್ತು, ಹತ್ತಾಯ್ತು. ಏಳೂ ಚೌಕಿ ಕಿವಿಗೆ ಹೆಡ್‌ಫೋನ್ ಹಾಕ್ಕಂಡು ಸುಮ್ನೆ ಕೂತವೆ. ಎಲ್ಲ ಒಳ್ಳೇ ಸಿಪಾಯಿಗಳು ಅಕ್ಕೋರೆ. ಅದೇ ತಪ್ಪಾಯ್ತು. ಮಧ್ಯಾಹ್ನದ ಮೇಲೆ ನಡೆದು ಹೋದವ್ರು ನೋಡಿದ್ರು. ಹಿಮ ಜಾರಿ ಕಂಟ್ರೋಲ್ ಪೂರ್ತಿ ಮುಚ್ಚೋಗಿತ್ತು. ಬೆಳಿಗ್ಗೆನೇ ತೆಗೆದಿದ್ರೆ ಉಳೀತಿದ್ದ ಅಂದ್ರು ಡಾಕ್ಟ್ರು. ನಾನೂ ಕಾದು ಕೂತಿದ್ದೆ. ಪಾಳಿ ಬರ್ಲಿಲ್ಲ ಅಂತ."

ಜೀಪು ಘಟ್ಟ ಹತ್ತುತ್ತಿತ್ತು. ನಾನು ಅವರ ಕೈ ಹಿಡಿದುಕೊಂಡೆ.

"ಅಪ್ಪಣೆಗೆ ಕಾಯದ ನೆಟ್ ಬೇಕು ನಂಗೆ," ಎಂದರು. "ಒಂದು ಸಲ ಕಣ್ಣಲ್ಲಿ ನೋಡಬೇಕು. ಅಷ್ಟೇ."

ಪ್ರಯೋಗಾಲಯದವರು ನೋಡಲು ಬರುವುದಕ್ಕೆ ಎರಡು ವಾರ ಉಳಿದಿತ್ತು. ಅದೇ ತಿಂಗಳ ಕೊನೆಗೆ ಸುಬೇದಾರರ ಹಂಗಾಮಿ ನೇಮಕವೂ ಮುಗಿಯುತ್ತಿತ್ತು. ಬಂದವರಿಗೆ ತೋರಿಸಲು ಏನೂ ಇಲ್ಲದಿದ್ದರೆ ಪೆಟ್ಟಿಗೆಗಳು ಕಪಾಟು ಸೇರುತ್ತವೆ, ಅವರು ಶೇಂಗಾ ಗದ್ದೆ ಸೇರುತ್ತಾರೆ. ನಾನು ಲೈಬ್ರರಿಯಲ್ಲಿ ಕೂತು ಸಿಕ್ಕಸಿಕ್ಕ ತಾಂತ್ರಿಕ ಪತ್ರಿಕೆ ಓದಿದೆ. ಉಪಾಯ ಸಿಕ್ಕಿದ್ದು ಐದನೇ ದಿನ. ಯಂತ್ರದ ನಂಬರು ಮತ್ತು ಪಾಳಿಯ ನಂಬರು, ಎರಡನ್ನೂ ಕೂಡಿಸಿ ಕಲಸಿ ಒಂದು ಲೆಕ್ಕ ಮಾಡುವುದು. ಯಾರ ಉತ್ತರ ದೊಡ್ಡದೋ ಈ ಪಾಳಿ ಅವರದು. ಮುಂದಿನ ಪಾಳಿಗೆ ಪಾಳಿಯ ನಂಬರು ಬದಲಾಗುತ್ತದೆ, ಉತ್ತರಗಳೂ ಅದಲುಬದಲಾಗುತ್ತವೆ. ಸೊಗಸು ಏನೆಂದರೆ, ನೆರೆಯವರ ಲೆಕ್ಕವನ್ನೂ ಪ್ರತಿ ಪೆಟ್ಟಿಗೆ ತಾನೇ ಮಾಡಬಲ್ಲದು. ಎಲ್ಲರಿಗೂ ಒಂದೇ ಉತ್ತರ ಬರುತ್ತದೆ. ಯಾರೂ ಯಾರನ್ನೂ ಕೇಳಬೇಕಿಲ್ಲ!

ಲ್ಯಾಬಿಗೆ ಬಂದು ಹೇಳಿದಾಗ ಸುಬೇದಾರರು ಬೆಸುಗೆ ಕಡ್ಡಿ ಕೆಳಗಿಟ್ಟರು. ಕಾಗದದ ಮೇಲೆ ಆರು ನಂಬರು ಬರೆದು ಒಂದೊಂದೇ ಪಾಳಿ ಕೈಯಾರೆ ಲೆಕ್ಕ ಹಾಕಿದರು. ಮೊದಲ ಪಾಳಿ ನಾಲ್ಕು. ಎರಡನೆಯದು ಒಂದು. ಮೂರನೆಯದಕ್ಕೆ ಬಂದು ಪೆನ್ಸಿಲ್ ನಿಲ್ಲಿಸಿ ಕೂಗಿದರು.

"ಸೋಮಣ್ಣಾ! ಬಾರಾ ಇಲ್ಲಿ! ಈ ಪಾಳಿಗೆ ನೀನೇ ಎಲ್ಲರಿಗಿಂತ ದೊಡ್ಡವ!"

"ನಾನಾ?" ಸೋಮಣ್ಣ ಪೊರಕೆ ಹಿಡಿದೇ ಬಂದ. "ಮುಂದಿನ ಪಾಳಿಗೆ?"

"ಮುಂದಿನ್ದು ಅಕ್ಕೋರು. ಪಾಳಿ ಪಾಳಿಗೂ ಹಿರಿಯ ಬೇರೆ!" ಅರವತ್ತರ ಹತ್ತಿರದ ಆ ಮನುಷ್ಯ ಸೋಮಣ್ಣನ ಎರಡೂ ಭುಜ ಹಿಡಿದು ಕುಲುಕಿದ್ದು ನೋಡಬೇಕಿತ್ತು ನೀವು. ನಾನು ಬರೆಯುತ್ತ ಇಲ್ಲೇ ನಗುತ್ತಿದ್ದೇನೆ.

ಹೇಳಿದ ದಿನ ಬೆಳಿಗ್ಗೆ ಪ್ರಯೋಗಾಲಯದಿಂದ ಬಂದವರು ಇಬ್ಬರು. ಅವರಲ್ಲಿ ಹಿರಿಯರು ಮೈಸೂರಿನ ಕಡೆಯವರು, ಕನ್ನಡ ಬಲ್ಲವರು, ಮುಖದಲ್ಲಿ ನಗೆ ಕಡಿಮೆ. ಅವರನ್ನು ಘಟ್ಟದ ಮೇಲೆ ಸುಬೇದಾರರ ಪಕ್ಕ ನಿಲ್ಲಿಸಿದೆವು. ನಾನು ನೋಡಿಕೊಳ್ಳಲು ಅಲ್ಲೇ ಇರಬೇಕಾಗಿದ್ದರಿಂದ ನನ್ನ ಎರಡನೇ ಪೆಟ್ಟಿಗೆಯನ್ನು ಸವಿತಾಳಿಗೆ ಕೊಟ್ಟು ಅದೇ ಘಟ್ಟದ ಮುಂದಿನ ತಿರುವಿನಲ್ಲಿ ನಿಲ್ಲಿಸಿದ್ದೆ. ಉಳಿದವರು ಹಿಂದಿನ ಜಾಗಗಳಲ್ಲೇ. ಅರ್ಗಾದಲ್ಲಿ ಸೋಮಣ್ಣ, ಈ ಸಲ ತಲೆಗೆ ಟೋಪಿ, ಕಿಸೆಯಲ್ಲಿ ಬಿಸ್ಕಿಟ್.

ಶುರುವಾಯಿತು. "ನಾಲ್ಕು. ಬಿಣಗಾ. ಎರಡು ಲಾರಿ ಘಟ್ಟದ ಕಡೆ." ಹಸಿರು ದೀಪಗಳು ಎಲ್ಲೆಲ್ಲೋ ಹತ್ತಿ ಆರುತ್ತಿದ್ದವು, ನಮ್ಮ ಕಿವಿಗೆ ಮಾತ್ರ ಒಂದಾದ ಮೇಲೊಂದು ದನಿ. "ಆರು. ಅರ್ಗಾ. ನಾ ಆರಾಮ ಇದ್ದೆ. ಬಿಸ್ಕಿಟ್ ತಿಂದೆ." ಹಿರಿಯರು ಹುಬ್ಬೇರಿಸಿದರು. ನಾನು ಸಮುದ್ರದ ಕಡೆ ತಿರುಗಿ ನಗು ನುಂಗಿದೆ.

"ಇದರಲ್ಲಿ ಕಂಟ್ರೋಲ್ ಯಾರು?" ಅವರು ಕೇಳಿದರು.

ಸುಬೇದಾರರು ವಾಕಿಟಾಕಿಗೆ ಕಿವಿಗೊಟ್ಟು, "ಈಗ ಮೂರು" ಎಂದರು. ನಾಲ್ಕು ಸೆಕೆಂಡು ಬಿಟ್ಟು, "ಈಗ ಸೋಮಣ್ಣ." ಮತ್ತೆ ನಾಲ್ಕು ಸೆಕೆಂಡು. "ಈಗ ನಾನು ಸರ್. ಮುಗೀತು. ಈಗ ಸವಿತಾ."

"ತಮಾಷೆ ಬೇಡ. ಇದನ್ನೆಲ್ಲ ಹಿಡಿದಿಟ್ಟುಕೊಂಡಿರುವ ಯಂತ್ರ ಯಾವುದು? ಅದು ಸತ್ತರೆ ಏನು ಗತಿ?"

ಸುಬೇದಾರರು ಕಿಸೆಯಿಂದ ಇಕ್ಕಳ ತೆಗೆದು, ತಮ್ಮ ಪೆಟ್ಟಿಗೆಯಿಂದ ವಾಕಿಟಾಕಿಗೆ ಹೋಗುವ ತಂತಿಯನ್ನು ಕಟ್ ಎಂದು ಕತ್ತರಿಸಿಬಿಟ್ಟರು. ಇನ್ನು ಅದು ಕೇಳಬಲ್ಲದು, ಮಾತಾಡಲಾರದು. ಇದು ನಮ್ಮ ಯೋಜನೆಯಲ್ಲಿ ಇರಲಿಲ್ಲ. ಯಾರಿಗೂ ಹೇಳಿರಲಿಲ್ಲ, ನನಗೂ.

ಒಂದರ ಪಾಳಿ ಬಂತು. ಖಾಲಿ ಹೋಯಿತು. ನಾಲ್ಕು ಸೆಕೆಂಡು ಗಾಳಿ ಸುಮ್ಮನಿತ್ತು. ಇನ್ನೊಂದು ಸಲ ಬಂತು, ಮತ್ತೆ ಖಾಲಿ. ಸುಬೇದಾರರು ವಾಕಿಟಾಕಿ ಕಿವಿಗೆ ಒತ್ತಿಕೊಂಡಿದ್ದರು. ಮೂರು ಸಲ ಖಾಲಿ ಹೋದ ಮೇಲೆ ಉಳಿದ ಪೆಟ್ಟಿಗೆಗಳು ಒಂದನೇ ನಂಬರನ್ನು ಪಟ್ಟಿಯಿಂದ ತೆಗೆದುಹಾಕಿದವು, ಅದರ ಪಾಳಿಗಳನ್ನು ತಮ್ಮೊಳಗೇ ಹಂಚಿಕೊಂಡವು. ಖಾಲಿ ಜಾಗ ಮುಚ್ಚಿತು, ದನಿಗಳು ಮತ್ತೆ ಒಂದರ ಹಿಂದೊಂದು ಬಂದವು. ನಾನು ಕುಣಿಯುವುದೊಂದು ಬಾಕಿ! ಹಿರಿಯರು, "ಭೇಷ್" ಎಂದು ಸಣ್ಣಗೆ ಹೇಳಿದ್ದು ನನಗೆ ಕೇಳಿಸಿತು. ಆಗಲೇ ಸವಿತಾಳ ದನಿ ಬಂತು.

"ಎರಡು. ಒಂದು ಕೇಳ್ತಾ ಇಲ್ಲ. ನಿಮಗೆ ಯಾರಿಗಾದ್ರೂ?"

"ನಾಲ್ಕು. ಇಲ್ಲ."

"ಮೂರು. ಇಲ್ಲ. ಸುಬೇದಾರ್ರೆ? ಸುಬೇದಾರ್ರೆ?"

"ಆರು. ಅವ್ರಿಗೆ ಎಂತಾ ಆಯ್ತು? ಯಾರಾರೂ ಹೋಗಿ ನೋಡಿ. ಬೇಗ!"

"ಎರಡು. ನಾನೇ ಹತ್ರ ಇದ್ದೇನೆ. ಹೊರಟೆ."

"ಆರು. ನಾನೂ ಹೊಂಟೆ. ರಿಕ್ಷಾ ಸಿಕ್ತು. ಒಂದು, ಕೇಳ್ತದಾ?"

ಯಾರೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಯಾರೂ ಯಾರ ಮೇಲೂ ಬೀಳಲಿಲ್ಲ. ಪ್ರತಿಯೊಬ್ಬರೂ ತಮ್ಮ ನಾಲ್ಕು ಸೆಕೆಂಡಿನಲ್ಲಿ ಅವರನ್ನೇ ಕರೆಯುತ್ತ ಬರುತ್ತಿದ್ದರು. ತಿರುವಿನಲ್ಲಿ ಸವಿತಾ ದುಪ್ಪಟ್ಟಾ ಸೊಂಟಕ್ಕೆ ಕಟ್ಟಿ ಓಡಿ ಬರುವುದು ಕಾಣತೊಡಗಿತು. ಹಿರಿಯರು ಗಡಿಬಿಡಿಯಿಂದ ಸುಬೇದಾರರ ಮೊಣಕೈ ಮುಟ್ಟಿದರು.

"ತಂತಿ ಜೋಡಿಸಿ, ಹೇಳಿಬಿಡಿ. ಪಾಪ, ಹೆದರಿ..."

ಸುಬೇದಾರರು ಕೈ ಅಡ್ಡ ಹಿಡಿದು ಅವರನ್ನು ತಡೆದರು. ಅವರು ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕಣ್ಣಿನ ನೀರು ಮೀಸೆಗೆ ಇಳಿದಿತ್ತು, ಒರೆಸಿಕೊಳ್ಳಲೂ ಇಲ್ಲ.

"ಸ್ವಲ್ಪ ತಡೀರಿ ಸರ್," ಎಂದರು. "ಇನ್ನೊಂದು ಸುತ್ತು ಕೇಳ್ತೆ."